ಮನೆಕಸದ ಗಾಜು ಮತ್ತೆ ಸೀಸೆಯಾಗುವ ಬಗೆ

ಎಷ್ಟು ಸಲ ಕರಗಿಸಿದರೂ ಗಾಜಿನ ಗುಣ ಕೆಡುವುದಿಲ್ಲ. ಆದರೆ ಮನೆಕಸದೊಂದಿಗೆ ಬೆರೆತ ಗಾಜನ್ನು ಹಾಗೆಯೇ ಕುಲುಮೆಗೆ ಹಾಕುವಂತಿಲ್ಲ. ಅದನ್ನು ಶುಚಿಗೊಳಿಸುವುದೇ ಮರುಬಳಕೆಯಲ್ಲಿ ಹೆಚ್ಚು ಶ್ರಮದ ಕೆಲಸ.

ಅಮೆರಿಕ ಮತ್ತು ಬ್ರಿಟನ್‌ನ ಅನೇಕ ಊರುಗಳಲ್ಲಿ ಪ್ಲಾಸ್ಟಿಕ್, ಲೋಹದ ಡಬ್ಬಿ, ಗಾಜು ಇತ್ಯಾದಿಗಳನ್ನು ಒಂದೇ ತೊಟ್ಟಿಗೆ ಹಾಕುವ ಪದ್ಧತಿ ಇದೆ. ಲಾರಿಯಲ್ಲಿ ಒತ್ತಿ ತುಂಬುವಾಗಲೇ ಸೀಸೆಗಳು ಒಡೆಯುತ್ತವೆ. ವಿಂಗಡಣಾ ಕೇಂದ್ರದ ಜರಡಿಯಿಂದ ಕೆಳಗುದುರುವ ಗಾಜಿನ ಚೂರುಗಳೊಂದಿಗೆ ಮುಚ್ಚಳ, ಕಾಗದ, ಕಲ್ಲು, ಪಿಂಗಾಣಿ ತುಣುಕುಗಳೂ ಸೇರಿರುತ್ತವೆ.

ಶುದ್ಧೀಕರಣ ಹೇಗೆ?

ಮೊದಲು ಚೂರುಗಳನ್ನು ಒಣಗಿಸಲಾಗುತ್ತದೆ. ಒಣಗಿದ ಚೂರುಗಳು ಒಂದಕ್ಕೊಂದು ಉಜ್ಜಿದಾಗ ಲೇಬಲ್ ಮತ್ತು ಮಣ್ಣು ಕಳಚುತ್ತವೆ. ನೀರಿನಲ್ಲಿ ತೊಳೆದರೆ ಆ ಕೊಳಕು ನೀರನ್ನೂ ಶುದ್ಧಗೊಳಿಸಬೇಕಾಗುತ್ತದೆ. ಹೀಗಾಗಿ ಹಲವು ಕಾರ್ಖಾನೆಗಳು ಒಣ ವಿಧಾನವನ್ನೇ ಅನುಸರಿಸುತ್ತವೆ. ಕಾಗದ, ಪ್ಲಾಸ್ಟಿಕ್ ಮುಂತಾದ ಹಗುರ ವಸ್ತುಗಳನ್ನು ಗಾಳಿಯಿಂದ ಹೀರಿ ತೆಗೆಯುತ್ತಾರೆ. ಕಬ್ಬಿಣವನ್ನು ಅಯಸ್ಕಾಂತ ಸೆಳೆಯುತ್ತದೆ. ಅಲ್ಯೂಮಿನಿಯಂ ಮುಚ್ಚಳಗಳನ್ನು ಬೇರ್ಪಡಿಸಲು ಬೇರೆ ವಿದ್ಯುತ್ ಯಂತ್ರವಿದೆ.

ಕೊನೆಯ ಹಂತ ಬೆಳಕಿನ ಪರೀಕ್ಷೆ. ಗಾಜಿನ ಮೂಲಕ ಬೆಳಕು ಹಾಯುತ್ತದೆ, ಕಲ್ಲು, ಪಿಂಗಾಣಿಗಳ ಮೂಲಕ ಹಾಯುವುದಿಲ್ಲ. ಕ್ಯಾಮರಾ ಇದನ್ನು ಗುರುತಿಸಿದೊಡನೆ ಗಾಳಿಯ ಹೊಡೆತ ಆ ತುಣುಕನ್ನು ಪಕ್ಕಕ್ಕೆ ತಳ್ಳುತ್ತದೆ. ಬಿಳಿ, ಹಸಿರು, ಕಂದು ಬಣ್ಣಗಳನ್ನೂ ಹೀಗೆಯೇ ವಿಂಗಡಿಸುತ್ತಾರೆ. ತೀರಾ ಸಣ್ಣ ಚೂರುಗಳನ್ನು ಹೀಗೆ ಆರಿಸುವುದು ಕಷ್ಟ. ಅವು ಮರಳಿಗೆ ಬದಲಾಗಿ ಅಥವಾ ನೀರು ಸೋಸಲು ಬಳಕೆಯಾಗುತ್ತವೆ.

ಇಷ್ಟು ಎಚ್ಚರ ಏಕೆ?

ಕುಲುಮೆಯ ಉಷ್ಣತೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್. ಪಿಂಗಾಣಿ ಅದರಲ್ಲೂ ಪೂರ್ತಿ ಕರಗದೆ ಹೊಸ ಸೀಸೆಯಲ್ಲಿ ಹರಳಾಗಿ ಉಳಿಯಬಹುದು. ಅಲ್ಯೂಮಿನಿಯಂ ಸೇರಿದರೆ ಗಾಜಿನಲ್ಲಿ ಸಿಲಿಕಾನ್ ಮಣಿಗಳು ಹುಟ್ಟುತ್ತವೆ. ಇಂಥ ಕಡೆ ಸೀಸೆ ಸುಲಭವಾಗಿ ಬಿರಿಯುತ್ತದೆ. ಶುದ್ಧ ಚೂರಿನಿಂದ ಲಾಭವೂ ಇದೆ. ಒಂದು ಟನ್ ಚೂರು ಸುಮಾರು 1.2 ಟನ್ ಮರಳು, ಸೋಡಾ, ಸುಣ್ಣಕಲ್ಲನ್ನು ಉಳಿಸುತ್ತದೆ. ಪ್ರತಿ ಶೇ. 10ರಷ್ಟು ಚೂರು ಬೆರೆಸಿದಾಗ ಇಂಧನ ಶೇ. 2.5ರಿಂದ 3ರಷ್ಟು ಕಡಿಮೆ ಸಾಕು.

ಬೆರೆಯುವ ಮೊದಲೇ

ಗಾಜು ಕಸದಲ್ಲಿ ಬೆರೆಯದಂತೆ ನೋಡಿಕೊಂಡರೆ ಈ ಶ್ರಮ ಬಹಳಷ್ಟು ತಗ್ಗುತ್ತದೆ. ನೀಲಗಿರಿಯ ಕಾಡುಗಳಲ್ಲಿ ಎಸೆದ ಸೀಸೆಗಳಿಂದ ವನ್ಯಪ್ರಾಣಿಗಳಿಗೆ ಅಪಾಯವಿದ್ದುದರಿಂದ, ಮದ್ರಾಸ್ ಹೈಕೋರ್ಟ್ ನಿರ್ದೇಶನದ ಮೇರೆಗೆ 2022ರ ಮೇ ತಿಂಗಳಲ್ಲಿ ಅಲ್ಲಿನ ಟಾಸ್ಮಾಕ್ ಅಂಗಡಿಗಳಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ಸೀಸೆಗೆ ಹೆಚ್ಚುವರಿಯಾಗಿ ಪಡೆದ 10 ರೂಪಾಯಿಯನ್ನು ಖಾಲಿ ಸೀಸೆ ಮರಳಿಸಿದಾಗ ಹಿಂದಿರುಗಿಸುವ ಕ್ರಮವಿದು. ಹೀಗೆ ಬಂದ ಗಾಜು ಕಸದ ರಾಶಿಯನ್ನು ಸೇರುವುದೇ ಇಲ್ಲ.

ಮನೆಯಲ್ಲಿ ಸೀಸೆಯನ್ನು ಒಮ್ಮೆ ತೊಳೆದು, ಮುಚ್ಚಳ ತೆಗೆದು ಬೇರೆಯಾಗಿಡಬೇಕು. ಪಿಂಗಾಣಿ ಬಟ್ಟಲು, ಕನ್ನಡಿ, ಬಲ್ಬು, ಒಲೆಯ ಶಾಖ ತಡೆಯುವ ಗಾಜಿನ ಪಾತ್ರೆಗಳನ್ನು ಅದಕ್ಕೆ ಸೇರಿಸಬಾರದು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಕಸ ಒಯ್ಯುವವರಿಗೆ ತಿಳಿಸಿಯೇ ಕೊಡಬೇಕು. ಅದನ್ನು ಬರಿಗೈಯಲ್ಲಿ ಮುಟ್ಟುವವರು ಅವರೇ. ಒಡೆಯದ ಸೀಸೆ ಗುಜರಿ ಅಂಗಡಿ ಸೇರಿದರೆ, ಕರಗಿಸದೆಯೇ ತೊಳೆದು ಮತ್ತೆ ತುಂಬಲೂ ಬರುತ್ತದೆ.