ಪುಟ್ಟರಾಜ ಗವಾಯಿಗಳು ಮತ್ತು ನಮ್ಮ ನಾಟಕದ ಪೇಟಿ

ಹಳ್ಳಿಯ ನಾಟಕದಲ್ಲಿ ಪೇಟಿ ಮಾಸ್ತರರ ಮಾನ ದೊಡ್ಡದು. ಹುಡುಗರಿಗೆ ತಾಲೀಮಿನಲ್ಲಿ ಶ್ರುತಿ, ತಾಳ ಕಲಿಸುವವರು ಅವರೇ. ಈ ಪರಂಪರೆಯ ಹಿರಿಯ ಗುರುವೊಬ್ಬರು ನಮ್ಮ ಜಿಲ್ಲೆಯಲ್ಲೇ ಹುಟ್ಟಿದವರು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕು.

ಪಂಡಿತ ಪುಟ್ಟರಾಜ ಗವಾಯಿಗಳು 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ದೇವರ ಹೊಸಪೇಟೆಯಲ್ಲಿ ಜನಿಸಿದರು. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಅದೇ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರ ಗವಾಯಿಗಳು, ತಾವೂ ಅಂಧರಾಗಿದ್ದು, ಅವರಿಗೆ ಸಂಗೀತ ಕಲಿಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಶಿಷ್ಯರ ಹೆಗಲೇರಿತು. ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನವೂ ವಿದ್ಯೆಯೂ ಬೇಕು, ಹಣವೆಲ್ಲಿ? ಗವಾಯಿಗಳು ನಾಟಕ ಬರೆದರು. ಆಶ್ರಮದ ನಾಟಕ ಕಂಪನಿ ಊರೂರು ತಿರುಗಿತು. ಟಿಕೇಟಿನ ದುಡ್ಡು ಮಕ್ಕಳ ಊಟವಾಯಿತು.

2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು, 96ನೇ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ನಾನಾಗ ಬಿ.ಇ. ಓದುತ್ತಿದ್ದೆ. ಅಂತಿಮ ದರ್ಶನಕ್ಕೆ ಗದುಗಿಗೆ ಜನಸಾಗರವೇ ಹರಿದು ಬಂದಿತ್ತು. ನಾಡೆಲ್ಲ ಹಾಡುತ್ತಿರುವ ಪಂಡಿತ ವೆಂಕಟೇಶ ಕುಮಾರರಂಥ ಶಿಷ್ಯರಲ್ಲಿ ಅವರ ವಿದ್ಯೆ ಉಳಿದಿದೆ.

ಆದರೆ ಹಳ್ಳಿಯ ರಂಗದಲ್ಲಿ? ಈಗ ಹಲವೆಡೆ ಪೇಟಿಯ ಜಾಗದಲ್ಲಿ ಮುದ್ರಿತ ಹಾಡು ಕೇಳುತ್ತದೆ. ಸಾಫ್ಟ್‌ವೇರ್ ಕೆಲಸದವನಾದ ನಾನು ಅದರ ಅನುಕೂಲ ಬಲ್ಲೆ. ಆದರೆ ಹೊಸ ಹುಡುಗ ಸ್ವರ ತಪ್ಪಿದಾಗ ಮಾಸ್ತರರು ಕಾಯುತ್ತಾರೆ, ಕೈಹಿಡಿದು ದಾರಿಗೆ ತರುತ್ತಾರೆ. ಮುದ್ರಿತ ಹಾಡು ಮುಂದೆ ಓಡುತ್ತದೆ. ನಮ್ಮ ಶಾಲೆಯ ಸ್ನೇಹ ಸಮ್ಮೇಳನದಲ್ಲಿ ಪ್ರತಿ ವರ್ಷ ಒಂದು ಮಗುವಾದರೂ ಪೇಟಿಯ ಮುಂದೆ ಕೂರಲಿ. ಆ ಗುರುವಿಗೆ ನಾವು ಸಲ್ಲಿಸಬಹುದಾದ ನಮನ ಅದೇ.