ನಾಟಿ ಮುಗಿಯದೆ ಕೋವಿ ಇಲ್ಲ

ಬೇಟೆಗೆ ಯಾವ ತಿಂಗಳು ಸರಿ ಎಂಬುದನ್ನು ನಮ್ಮ ಕೊಡಗಿನ ಹಿರಿಯರು ಜಿಂಕೆ ನೋಡಿ ಅಲ್ಲ, ಗದ್ದೆ ನೋಡಿ ಗೊತ್ತುಮಾಡಿದ್ದರು. ಕಕ್ಕಡ ತಿಂಗಳ ಮಳೆಯಲ್ಲಿ ಇಡೀ ಒಕ್ಕ, ಅಂದರೆ ಮನೆತನ, ಕೆಸರಿಗಿಳಿದರೆ ಕೋವಿ, ಕತ್ತಿಗಳು ದೇವರ ಕೋಣೆಯಾದ ಕನ್ನಿಕೋಂಬರೆ ಸೇರುತ್ತಿದ್ದವು. ನಾಟಿ ಮುಗಿದು ಸೆಪ್ಟೆಂಬರ್ 3ರ ಹೊತ್ತಿಗೆ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಅವು ಹೊರಗೆ. ಕೋವಿ ಒರೆಸಿ, ನಳಿಗೆಯ ಬಾಯಿಗೆ ಬೆಂಕಿ ನಾಲಿಗೆಯಂಥ ಕೆಂಪು-ಹಳದಿ ಎಸಳಿನ ತೋಕ್‌ಪೂ ಹೂ ಸಿಕ್ಕಿಸಿ, ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು ಪೂಜೆ. ಹಿರಿಯರು ಕೋವಿ ಕೈಗಿತ್ತ ಮೇಲೆ ಬೇಟೆ ಶುರು. ಪೈರು ಎದ್ದ ಗದ್ದೆಗೆ ಹಂದಿ, ಜಿಂಕೆ ನುಗ್ಗುವ ಕಾಲವೂ ಅದೇ. ನಾಟಿ ಮುಗಿಯದೆ ಕೋವಿ ಹಿಡಿದವನು ಬೇಟೆಗಾರನಲ್ಲ, ಸೋಮಾರಿ ಎಂದು ನಮ್ಮಜ್ಜ ಬೈಯುತ್ತಿದ್ದರು. 1861ರಿಂದ ಆಯುಧ ಕಾಯ್ದೆಯ ವಿನಾಯಿತಿ ಇದ್ದ ಜನಕ್ಕೆ ಈ ಬೈಗುಳವೂ ಒಂದು ಲಗಾಮು.

ಪಕ್ಕದ ನೀಲಗಿರಿಯಲ್ಲಿ 1879ಕ್ಕೇ ಬೇಟೆಯ ಕಾಯ್ದೆ ಬಂತು, ಮೈಸೂರಿನಲ್ಲಿ 1901ಕ್ಕೆ. ಇವು ದೊರೆಗಳ ಶೋಕಿ ಉಳಿಸಲು ಹುಟ್ಟಿದ ಕಾನೂನುಗಳು ಎಂಬುದೇ ನನ್ನ ಅನಿಸಿಕೆ. ಅವು ಬೇಟೆ ನಿಷೇಧಿಸಿದ ತಿಂಗಳುಗಳ ಲೆಕ್ಕ ಬ್ರಿಟನ್ನಿನ ಕೆಂಪು ಜಿಂಕೆಗೆ ಒಪ್ಪುತ್ತದೆ. ಅದು ಶರತ್ಕಾಲದಲ್ಲಿ ಬೆದೆಗೆ ಬಂದು ಬೇಸಿಗೆಯ ಆರಂಭದಲ್ಲಿ ಮರಿ ಹಾಕುತ್ತದೆ, ಎಲ್ಲವೂ ಒಟ್ಟಿಗೆ. ನಮ್ಮ ಚುಕ್ಕೆ ಜಿಂಕೆಗೆ ಆ ಶಿಸ್ತಿಲ್ಲ. ಒಂದೇ ಹಿಂಡಿನಲ್ಲಿ ಒಂದು ಗಂಡಿನ ಕೊಂಬಿಗೆ ಇನ್ನೂ ಮಖಮಲ್ಲಿನ ತೊಗಲು, ಪಕ್ಕದ್ದು ಅದನ್ನು ಮರಕ್ಕೆ ಉಜ್ಜಿ ಕಿತ್ತು ಕಾದಾಟಕ್ಕೆ ಸಿದ್ಧ. ಮರಿಗಳು ಕೆಲವು ತಿಂಗಳು ಹೆಚ್ಚು, ಕೆಲವು ತಿಂಗಳು ಕಡಿಮೆ, ಆದರೆ ವರ್ಷವಿಡೀ ಹುಟ್ಟುತ್ತವೆ. ಯಾವ ತಿಂಗಳು ಗುಂಡು ಹಾರಿಸಿದರೂ ಯಾವುದೋ ಮರಿ ತಬ್ಬಲಿಯೇ.

ತಮಾಷೆಯೆಂದರೆ, ಜಿಂಕೆ ಕಾಯುವ ಹೆಸರಿನಲ್ಲಿ ಅದೇ ದೊರೆಗಳ ಸರ್ಕಾರ ಸೀಳುನಾಯಿ ಕೊಂದವರಿಗೆ ಇನಾಮು ಕೊಡುತ್ತಿತ್ತು!

1972ರ ವನ್ಯಜೀವಿ ಕಾಯ್ದೆಯಲ್ಲೂ ಮೊದಲಿಗೆ ಬೇಟೆಯ ಲೈಸೆನ್ಸಿಗೆ ಜಾಗವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕೋವಿಯಿಂದ ಕಾಪಾಡಿದರೆ ಏನಾಗುತ್ತದೆ ನೋಡಿ: 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಎಣಿಸಿದಾಗ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಹುಲಿ, ಚಿರತೆ, ಸೀಳುನಾಯಿ ಮೂರೂ ತಿಂದು ಉಳಿದ ಲೆಕ್ಕ ಅದು.

ಆದರೂ ಕಾಡಂಚಿನ ತೋಟದ ಗೆಳೆಯರು ಕೈಲ್‌ಪೊಳ್ದ್ ದಿನ ಊರ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸರದಿ ಕಾಯುತ್ತಾ, "ವರ್ಷಕ್ಕೆ ಎರಡು ತಿಂಗಳು ಬೇಟೆಗೆ ಬಿಟ್ಟರೆ ಸಾಕಪ್ಪ" ಎನ್ನುತ್ತಾರೆ. ಯಾವ ಎರಡು ತಿಂಗಳು ಎಂದರೆ ಒಬ್ಬೊಬ್ಬರದು ಒಂದೊಂದು ಪಂಚಾಂಗ. ಸೋಲಾರ್ ಬೇಲಿಯ ತಂತಿಗೆ ಬಳ್ಳಿ ಹಬ್ಬದಂತೆ ನೋಡಿಕೊಂಡು, ಬೆಳೆ ಪರಿಹಾರದ ಅರ್ಜಿ ಬೇಗ ಇತ್ಯರ್ಥವಾದರೆ ಅವರ ಅರ್ಧ ತಕರಾರು ಮುಗಿಯುತ್ತದೆ. ಉಳಿದರ್ಧ ಬೇಟೆಯ ಚಪಲ. ಅದು ನನಗಿಲ್ಲ ಎಂದು ಹೇಳಲಾರೆ.