ಒಳಾಂಗಣ ಮನರಂಜನಾ ಕೇಂದ್ರಗಳು: ಭೂ ಬಳಕೆ ಅನುಮೋದನೆ ಕುರಿತು ಕೊಣ್ಣೂರ ಪಟ್ಟಣದ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಗೋಕಾಕ ತಾಲೂಕಿನ ಕೊಣ್ಣೂರ ಪುರಸಭೆ ವ್ಯಾಪ್ತಿಯಲ್ಲಿ ಟ್ರ್ಯಾಂಪೊಲಿನ್ ಅಂಗಳ, ವಿಡಿಯೋ ಗೇಮ್ ಕೇಂದ್ರ, ಸ್ನೂಕರ್ ಕೊಠಡಿ, ಛಾವಣಿಯುಳ್ಳ ಬಾಕ್ಸ್ ಕ್ರಿಕೆಟ್ ಅಂಗಳ ಮುಂತಾದ ಒಳಾಂಗಣ ಮನರಂಜನಾ ಉದ್ದಿಮೆಗಳನ್ನು ಆರಂಭಿಸಲು ಇಚ್ಛಿಸುವ ನಾಗರಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅಂಗಡಿ, ಖಾನಾವಳಿ, ಹಿಟ್ಟಿನ ಗಿರಣಿ ಮುಂತಾದ ರೂಢಿಯ ಉದ್ದಿಮೆಗಳು ವಲಯ ನಿಯಮಾವಳಿಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಹೆಸರಿನಿಂದಲೇ ದೊರೆಯುತ್ತವೆ. ಮೇಲ್ಕಂಡ ಹೊಸ ಬಗೆಯ ಉದ್ದಿಮೆಗಳ ಹೆಸರು ದೊರೆಯದಿರಬಹುದು. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಅಂತಹ ಉದ್ದಿಮೆ ನಿಷಿದ್ಧವೆಂದು ಭಾವಿಸಬೇಕಾಗಿಲ್ಲ. ಅನುಮತಿಯ ಅಗತ್ಯವಿಲ್ಲವೆಂದೂ ಭಾವಿಸತಕ್ಕದ್ದಲ್ಲ. ಆದ್ದರಿಂದ ಕಟ್ಟಡದ ಮಾಲೀಕರಿಗೆ ಮುಂಗಡ ಹಣ ನೀಡುವ ಹಾಗೂ ಯಂತ್ರೋಪಕರಣ ಖರೀದಿಸುವ ಪೂರ್ವದಲ್ಲಿಯೇ ಭೂ ಬಳಕೆಯ ಬಗ್ಗೆ ಲಿಖಿತ ಅಭಿಪ್ರಾಯ ಪಡೆಯುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕ.

2. ಅನ್ವಯಿಸುವ ಕಾನೂನುಗಳು

ಅ) ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961: ಕಲಂ 14 ರ ಪ್ರಕಾರ ಯೋಜನಾ ಪ್ರದೇಶದಲ್ಲಿನ ಭೂ ಬಳಕೆಯ ಬದಲಾವಣೆಗೆ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ಮಹಾಯೋಜನೆಯಲ್ಲಿ ಗೊತ್ತುಪಡಿಸಿದ ಬಳಕೆಯನ್ನೇ ಬದಲಾಯಿಸಬೇಕಾದಲ್ಲಿ ಕಲಂ 14-ಎ ಅನ್ವಯವಾಗುತ್ತದೆ. ಇದಕ್ಕೆ ಪತ್ರಿಕಾ ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ.

ಆ) ಕರ್ನಾಟಕ ಪುರಸಭೆಗಳ ಅಧಿನಿಯಮ, 1964: ಕಟ್ಟಡ ಪರವಾನಿಗೆ ಮತ್ತು ಉದ್ದಿಮೆ ಪರವಾನಿಗೆ.

ಇ) ಕರ್ನಾಟಕ ಭೂ ಕಂದಾಯ ಅಧಿನಿಯಮ, 1964, ಕಲಂ 95: ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವ ವಿಷಯ.

ಈ) ಕರ್ನಾಟಕ ಪೊಲೀಸ್ ಅಧಿನಿಯಮ, 1963: ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣ (ಕಲಂ 31) ಹಾಗೂ ಜೂಜಾಟದ ನಿಷೇಧ (ಕಲಂ 79 ಮತ್ತು 80).

3. ಉದ್ದಿಮೆಯ ವರ್ಗ ನಿರ್ಧಾರ

ವಲಯ ನಿಯಮಾವಳಿಗಳಲ್ಲಿ ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಉದ್ಯಾನ ಮತ್ತು ತೆರೆದ ಸ್ಥಳ ಮುಂತಾದ ವಲಯಗಳಿದ್ದು, ಪ್ರತಿ ವಲಯಕ್ಕೂ ನೇರವಾಗಿ ಅನುಮತಿಸಬಹುದಾದ ಬಳಕೆಗಳು ಹಾಗೂ ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಅನುಮತಿಸಬಹುದಾದ ಬಳಕೆಗಳು ಎಂಬ ಎರಡು ಪಟ್ಟಿಗಳಿರುತ್ತವೆ. ಉದ್ದಿಮೆಯ ವರ್ಗವನ್ನು ಫಲಕದ ಮೇಲಿನ ಹೆಸರಿನಿಂದ ನಿರ್ಧರಿಸದೆ, ಅಲ್ಲಿ ವಾಸ್ತವವಾಗಿ ನಡೆಯುವ ಚಟುವಟಿಕೆ, ಒಮ್ಮೆಗೆ ಸೇರುವ ಜನರ ಸಂಖ್ಯೆ, ಶಬ್ದ, ವೇಳೆ ಮತ್ತು ವಾಹನ ನಿಲುಗಡೆಯನ್ನು ಪರಿಗಣಿಸಿ ನಿರ್ಧರಿಸುವುದು ಸೂಕ್ತ. ಆದ್ದರಿಂದ ಅರ್ಜಿಯಲ್ಲಿ ಕೇವಲ "ಗೇಮ್ ಝೋನ್" ಎಂದು ನಮೂದಿಸದೆ ಈ ವಿವರಗಳನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

4. ಕಟ್ಟಡದ ಬಳಕೆ ಮತ್ತು ಸುರಕ್ಷತೆ

ವಲಯವು ಸರಿಯಿದ್ದರೂ ಕಟ್ಟಡವು ಯೋಗ್ಯವಾಗಿರದಿರಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ರಂತೆ ಮನರಂಜನೆ ಮುಂತಾದ ಉದ್ದೇಶಕ್ಕಾಗಿ 50 ಅಥವಾ ಹೆಚ್ಚು ಜನರು ಸೇರುವ ಕಟ್ಟಡವು "ಡಿ" ಗುಂಪಿಗೆ (ಜನ ಸೇರುವ ಕಟ್ಟಡ) ಸೇರುತ್ತದೆ. ಅಂಗಡಿಯು "ಎಫ್" ಗುಂಪಿಗೆ ಮತ್ತು ಗೋದಾಮು "ಎಚ್" ಗುಂಪಿಗೆ ಸೇರುತ್ತವೆ. ಖಾಲಿ ಇರುವ ಗೋದಾಮನ್ನು ಬಾಡಿಗೆಗೆ ಪಡೆದು ಆಟದ ಕೇಂದ್ರವನ್ನಾಗಿಸಿದಾಗ ಕಟ್ಟಡದ ಬಳಕೆಯ ಗುಂಪೇ ಬದಲಾಗುವುದರಿಂದ ನಿರ್ಗಮನ ದ್ವಾರ, ಮೆಟ್ಟಿಲು, ವಿದ್ಯುತ್ ತಂತಿ ಹಾಗೂ ಅಗ್ನಿಶಾಮಕ ವ್ಯವಸ್ಥೆಯನ್ನು ಹೊಸದಾಗಿ ಪರಿಶೀಲಿಸಬೇಕಾಗುತ್ತದೆ.

ಗುಜರಾತಿನ ರಾಜಕೋಟದಲ್ಲಿ 25-05-2024 ರಂದು ತಗಡಿನ ಶೆಡ್ಡಿನಲ್ಲಿದ್ದ ಗೇಮ್ ಝೋನಿನಲ್ಲಿ ಬೆಂಕಿ ಹೊತ್ತಿ, ಮಕ್ಕಳೂ ಸೇರಿದಂತೆ 27 ಜನರು ಮೃತಪಟ್ಟರು. ಆ ಕೇಂದ್ರವು ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆ ನಡೆಯುತ್ತಿತ್ತು. ಪರವಾನಿಗೆಯ ಪ್ರತಿಯೊಂದು ಷರತ್ತಿನ ಹಿಂದೆ ಇಂತಹ ಕಾರಣವಿದೆ ಎಂಬುದನ್ನು ಅರ್ಜಿದಾರರು ಮನಗಾಣತಕ್ಕದ್ದು.

ಗೋಕಾಕ ತಾಲೂಕಿನಲ್ಲಿ ಘಟಪ್ರಭಾ ನದಿಯು 2019 ಮತ್ತು 2021 ರಲ್ಲಿ ಪ್ರವಾಹಕ್ಕೆ ಒಳಗಾಗಿದ್ದರಿಂದ, ನದಿಯ ಸಮೀಪದ ತಗ್ಗು ಪ್ರದೇಶದ ಕಟ್ಟಡಗಳನ್ನು, ವಿಶೇಷವಾಗಿ ನೆಲಮಾಳಿಗೆಗಳನ್ನು ಆಯ್ಕೆ ಮಾಡದಿರುವುದು ಲೇಸು.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

- ಇ-ಆಸ್ತಿ ಉತಾರ ಅಥವಾ ಸಿಟಿ ಸರ್ವೆ ಉತಾರ. ಜಮೀನಾಗಿದ್ದಲ್ಲಿ ಪಹಣಿ ಹಾಗೂ ಬಿನ್‌ಶೇತ್ಕಿ ಆದೇಶದ ಪ್ರತಿ
- ಚಾಲ್ತಿ ವರ್ಷದ ಆಸ್ತಿ ತೆರಿಗೆ ಪಾವತಿ ರಶೀದಿ
- ಬಾಡಿಗೆ ಕರಾರಿನ ಕರಡು ಮತ್ತು ಮಾಲೀಕರ ಒಪ್ಪಿಗೆ ಪತ್ರ
- ಮಂಜೂರಾದ ಕಟ್ಟಡ ನಕ್ಷೆ; ಆಟದ ಸ್ಥಳ, ದ್ವಾರಗಳು ಮತ್ತು ವಾಹನ ನಿಲುಗಡೆಯನ್ನು ತೋರಿಸುವ ಒಳಾಂಗಣ ನಕ್ಷೆ
- ಕಲಂ 3 ರಲ್ಲಿ ತಿಳಿಸಿದ ವಿವರಗಳುಳ್ಳ ಟಿಪ್ಪಣಿ

6. ಅನುಸರಿಸಬೇಕಾದ ಕ್ರಮ

ಮೊದಲು ಆಸ್ತಿಯ ವಲಯವನ್ನು ಖಚಿತಪಡಿಸಿಕೊಂಡು ಲಿಖಿತ ಅಭಿಪ್ರಾಯ ಕೋರುವುದು. ನಂತರ ಭೂ ಬಳಕೆ ಹಾಗೂ ಕಟ್ಟಡ ಬದಲಾವಣೆಯ ಅನುಮತಿ, ತದನಂತರ ಅಗ್ನಿಶಾಮಕ ಮತ್ತು ಪೊಲೀಸ್ ಇಲಾಖೆಗಳ ಅಭಿಪ್ರಾಯ, ಕೊನೆಯಲ್ಲಿ ಉದ್ದಿಮೆ ಪರವಾನಿಗೆ ಪಡೆಯುವುದು. ಸಕಾಲ ಅಧಿನಿಯಮ, 2011 ರ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿ ಸಂಖ್ಯೆಯನ್ನು ತಪ್ಪದೇ ಪಡೆಯತಕ್ಕದ್ದು. ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ದಿನಕ್ಕೆ ರೂ. 20 ರಂತೆ ಗರಿಷ್ಠ ರೂ. 500 ರವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ.

7. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಉದ್ದಿಮೆ ಪರವಾನಿಗೆ ದೊರೆತರೆ ಭೂ ಬಳಕೆಯ ಅನುಮತಿಯೂ ದೊರೆತಂತೆಯೇ?
ಉತ್ತರ: ಇಲ್ಲ. ಇವೆರಡೂ ಪ್ರತ್ಯೇಕ ಅನುಮತಿಗಳು.

ಪ್ರಶ್ನೆ: ಮನೆಯ ಕೆಳಮಹಡಿಯಲ್ಲಿ ಸ್ನೂಕರ್ ಮೇಜು ಇಟ್ಟು ಶುಲ್ಕ ಪಡೆಯಬಹುದೇ?
ಉತ್ತರ: ಶುಲ್ಕ ಪಡೆದು ಸಾರ್ವಜನಿಕರಿಗೆ ಪ್ರವೇಶ ನೀಡಿದಲ್ಲಿ ಅದು ವಸತಿ ಬಳಕೆಯಾಗಿ ಉಳಿಯುವುದಿಲ್ಲ. ಪೂರ್ವಾನುಮತಿ ಅಗತ್ಯ.

ಪ್ರಶ್ನೆ: ಆಟದಲ್ಲಿ ಹಣ ಪಣಕ್ಕಿಡಬಹುದೇ?
ಉತ್ತರ: ಅದೃಷ್ಟವನ್ನು ಅವಲಂಬಿಸಿದ ಆಟಗಳಿಗೆ ಹಣ ಪಣವಿಡುವುದು ಜೂಜಾಟ. ಯಾವುದೇ ಪುರಸಭೆ ಪರವಾನಿಗೆಯು ಇದಕ್ಕೆ ರಕ್ಷಣೆ ನೀಡುವುದಿಲ್ಲ.

ಸಾರ್ವಜನಿಕರು ಮಧ್ಯವರ್ತಿಗಳನ್ನು ಅವಲಂಬಿಸದೆ, ಕಛೇರಿ ವೇಳೆಯಲ್ಲಿ ಪುರಸಭೆ ಕಾರ್ಯಾಲಯವನ್ನು ಖುದ್ದಾಗಿ ಸಂಪರ್ಕಿಸಲು ಕೋರಲಾಗಿದೆ.